ಓಟಗಾರನ ಸೊಂಟಕ್ಕೆ ಪಿಸ್ತೂಲೇಕೆ?

ಮೈ ಹಗುರವಾಗಲಿ, ಉಸಿರು ಸಲೀಸಾಗಲಿ ಎಂದು ಮನುಷ್ಯ ಬೆಳಗಿನ ಹೊತ್ತು ಓಡುತ್ತಾನೆ. ಹಾಗೆ ಓಡುವವನು ಸೊಂಟಕ್ಕೆ ಪಿಸ್ತೂಲು ಕಟ್ಟಿ, ಅದು ಯಾರ ಕಣ್ಣಿಗೂ ಬೀಳದಂತೆ ಮೇಲೆ ಅಂಗಿ ಇಳಿಬಿಟ್ಟು ಹೊರಡಬೇಕಾದರೆ ಆ ನಾಡಿನ ಸ್ಥಿತಿ ಹೇಗಿರಬೇಡ? ಇದು ಕಟ್ಟುಕತೆಯಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂದು ಹೀಗೆ ಓಡುವವರಿದ್ದಾರೆ. ಓಡುವಾಗ, ವ್ಯಾಯಾಮ ಮಾಡುವಾಗ ಪಿಸ್ತೂಲನ್ನು ಮೈಗೆ ನೋವಾಗದಂತೆ ಎಲ್ಲಿ ಕಟ್ಟಿಕೊಳ್ಳಬೇಕು ಎಂಬುದು ಅವರಿಗೆ ಗಂಭೀರವಾದ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಮಾರುವುದೇ ಅಲ್ಲಿ ಒಂದು ವ್ಯಾಪಾರ. ಓದಿ ನಕ್ಕುಬಿಡುವುದು ಸುಲಭ. ಆದರೆ ರಾತ್ರಿ ಪಾಳಿ ಮುಗಿಸಿ ಕತ್ತಲಲ್ಲಿ ಮನೆಗೆ ನಡೆಯುವ ಹೆಣ್ಣುಮಗಳಿಗೂ, ಅಂಗಡಿ ಮುಚ್ಚಿ ದಿನದ ಹಣ ಹೊತ್ತು ಹೊರಡುವ ವ್ಯಾಪಾರಿಗೂ ದಾರಿಯ ಭಯ ಹೊಸದಲ್ಲ. ಆದ್ದರಿಂದ ಈ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ವಸ್ತುವಿನ ಮಾತು. ಹಿಂದೆ ನಮ್ಮ ವ್ಯಾಪಾರಿಗಳು ಸಂತೆಗೆ ಹೋಗುವಾಗ ನಡುವಿಗೆ ಹಮ್ಮಿಣಿ ಕಟ್ಟುತ್ತಿದ್ದರಲ್ಲ, ಹಾಗೆಯೇ ಅಲ್ಲಿ ಪಿಸ್ತೂಲಿಗೆಂದು ಎಲಾಸ್ಟಿಕ್ಕಿನ ಅಗಲವಾದ ನಡುಪಟ್ಟಿಗಳಿವೆ, ಎದೆಗೆ ಬಿಗಿಯುವ ಚೀಲಗಳಿವೆ, ಸೊಂಟದ ಮುಂದೆ ತೂಗುವ ಸಂಚಿಗಳಿವೆ. ಅವುಗಳಲ್ಲಿ ಹಿಡಿಸಲೆಂದೇ ಪಿಸ್ತೂಲುಗಳೂ ಚಿಕ್ಕವಾಗಿವೆ. 2008ರಲ್ಲಿ ಬಂದ ರೂಗರ್ ಕಂಪನಿಯ ಒಂದು ಪಿಸ್ತೂಲು, ಗುಂಡು ತುಂಬದೆ ತೂಗಿದರೆ, ಕಾಲು ಕಿಲೋಗಿಂತ ಸ್ವಲ್ಪವೇ ಹೆಚ್ಚು. 2018ರಲ್ಲಿ ಸಿಗ್ ಸಾವರ್ ಕಂಪನಿ ತಂದದ್ದು ಸುಮಾರು ಅರ್ಧ ಕಿಲೋ. ಒಂದನ್ನು ಕೊಂಡವನು ಅದಕ್ಕೆ ತಕ್ಕ ಪಟ್ಟಿಯನ್ನು ಕೊಳ್ಳಬೇಕು. ಪಟ್ಟಿ ಮೈಗೆ ಒಗ್ಗದಿದ್ದರೆ ಮತ್ತೊಂದನ್ನು ಕೊಳ್ಳಬೇಕು. ಭಯ ತೀರುವವರೆಗೆ ಗಿರಾಕಿಯೂ ತೀರುವುದಿಲ್ಲ.

ಇಷ್ಟಾದರೂ ಸುಖ ಉಂಟೇ? ಪಟ್ಟಿಯನ್ನು ಸಡಿಲ ಬಿಟ್ಟರೆ ಹೆಜ್ಜೆ ಹೆಜ್ಜೆಗೂ ಕಬ್ಬಿಣ ಕುಣಿದು ಪಕ್ಕೆಗೆ ಬಡಿಯುತ್ತದೆ. ಬಿಗಿದರೆ ಬೆವರಿನಲ್ಲಿ ಚರ್ಮ ಉಜ್ಜಿ ಕೆಂಪಾಗುತ್ತದೆ. ಬೆವರಿನ ಉಪ್ಪಿಗೆ ಉಕ್ಕು ತುಕ್ಕು ಹಿಡಿಯುತ್ತದೆ. ಮನೆಗೆ ಬಂದು ಒರೆಸಿ ಎಣ್ಣೆ ಹಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕೋವಿಯ ಕುದುರೆ, ಅಂದರೆ ಟ್ರಿಗರ್. ಅದನ್ನು ಗಟ್ಟಿಯಾದ ಒರೆ ಪೂರ್ತಿ ಮುಚ್ಚಿರಬೇಕು. ಬರಿಯ ಮೆದು ಬಟ್ಟೆಯಲ್ಲಿ, ಬೀಗದ ಕೈ, ಚಿಲ್ಲರೆಗಳ ಜೊತೆಯಲ್ಲಿ ಇಟ್ಟರೆ ಏನಾದರೂ ಸಿಕ್ಕಿಕೊಂಡು ಗುಂಡು ಹಾರೀತು. ಗಟ್ಟಿ ಒರೆ ಹಾಕಿದರೆ ಮತ್ತೆ ಮೈಗೆ ಚುಚ್ಚುತ್ತದೆ. ಇನ್ನು ಪಿಸ್ತೂಲು ಹಗುರವಾದಷ್ಟೂ ಸಿಡಿಸುವಾಗ ಕೈಗೆ ಜೋರಾಗಿ ಒದೆಯುತ್ತದೆ, ಗುರಿ ಹಿಡಿಯುವುದು ಕಷ್ಟವಾಗುತ್ತದೆ. ಓಡಿ ಓಡಿ ಎದೆ ಬಡಿದುಕೊಳ್ಳುತ್ತಿರುವಾಗಲಂತೂ ಹೇಳಲೇಬೇಕಾಗಿಲ್ಲ. ಸುಖ ನೋಡಿದರೆ ಭದ್ರತೆ ಇಲ್ಲ, ಭದ್ರತೆ ನೋಡಿದರೆ ಸುಖವಿಲ್ಲ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವನಿಗೆ ಸೆರಗಿನ ನೇಯ್ಗೆ ಎಷ್ಟು ಚೆನ್ನಾಗಿದ್ದರೇನು?

ಮೈಮೇಲೆ ಬೇಡ, ಕೈಚೀಲದಲ್ಲಿಟ್ಟರಾಯಿತು ಎನ್ನುವವರೂ ಇದ್ದಾರೆ. 2014ರ ಡಿಸೆಂಬರ್ 30ರಂದು ಐಡಹೋ ರಾಜ್ಯದ ಒಂದು ದೊಡ್ಡ ಅಂಗಡಿಯಲ್ಲಿ ಎರಡು ವರ್ಷದ ಮಗುವೊಂದು ತಾಯಿಯ ಚೀಲಕ್ಕೆ ಕೈ ಹಾಕಿತು. ಆ ಚೀಲ ಪಿಸ್ತೂಲು ಇಡಲೆಂದೇ ಹೊಲಿದದ್ದು. ತಾಯಿಯ ಹತ್ತಿರ ಲೈಸೆನ್ಸೂ ಇತ್ತು. ಮಗುವಿನ ಕೈಯಲ್ಲಿ ಗುಂಡು ಹಾರಿ ಆ ತಾಯಿ ಅಲ್ಲಿಯೇ ತೀರಿಕೊಂಡಳು. ಯಾವ ಶತ್ರುವೂ ಅಲ್ಲಿಗೆ ಬಂದಿರಲಿಲ್ಲ.

ಅಮೆರಿಕದವರು ಮೊದಲಿನಿಂದ ಹೀಗೆಯೇ ಇದ್ದರೆಂದು ತಿಳಿಯಬೇಡಿ. ಅವರ ಸಂವಿಧಾನದ ಎರಡನೆಯ ತಿದ್ದುಪಡಿ 1791ರದು. ಆಯುಧ ಹೊಂದುವ ಹಕ್ಕನ್ನು ಅದು ಹೇಳುತ್ತದೆ. ಆದರೂ 1813ರಲ್ಲಿ ಲೂಯಿಸಿಯಾನ ರಾಜ್ಯ ಆಯುಧವನ್ನು ಬಚ್ಚಿಟ್ಟುಕೊಂಡು ತಿರುಗುವುದನ್ನು ನಿಷೇಧಿಸಿತು. ಎದುರಿಗೆ ಹಿಡಿದವನನ್ನಾದರೂ ನಂಬಬಹುದು, ಮರೆಯಲ್ಲಿ ಇಟ್ಟವನನ್ನು ನಂಬಲಾಗದು ಎಂಬುದು ಅಂದಿನ ಭಾವನೆ. ಅದೇ ಲೂಯಿಸಿಯಾನ 2024ರಲ್ಲಿ, ಲೈಸೆನ್ಸೇ ಇಲ್ಲದೆ ಪಿಸ್ತೂಲನ್ನು ಬಚ್ಚಿಟ್ಟುಕೊಂಡು ಓಡಾಡಬಹುದೆಂದು ಕಾನೂನು ಮಾಡಿತು. 50 ರಾಜ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈಗ ಇದೇ ದಾರಿ ಹಿಡಿದಿವೆ. ನ್ಯೂಯಾರ್ಕಿನಲ್ಲಿ, ಪಿಸ್ತೂಲು ಬಚ್ಚಿಟ್ಟು ತಿರುಗಬೇಕಾದರೆ ವಿಶೇಷ ಕಾರಣ ತೋರಿಸಬೇಕೆಂಬ ನೂರು ವರ್ಷಕ್ಕೂ ಹಳೆಯ ನಿಯಮವಿತ್ತು. 2022ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನೂ ತೆಗೆದುಹಾಕಿತು.

ಹಾಗಾದರೆ ಓಡುವವರ ಭಯವೇ ಸುಳ್ಳೆ? ಅಲ್ಲ. ಹಾಗೆಂದರೆ ಅನ್ಯಾಯವಾದೀತು. 2022ರ ಸೆಪ್ಟೆಂಬರಿನಲ್ಲಿ ಮೆಂಫಿಸ್ ನಗರದಲ್ಲಿ ಪುಟ್ಟ ಮಕ್ಕಳ ಶಾಲೆಯ ಉಪಾಧ್ಯಾಯಿನಿಯೊಬ್ಬಳು ಬೆಳಗಿನ ಜಾವ ಓಡಲು ಹೊರಟವಳು ಮನೆಗೆ ಹಿಂದಿರುಗಲಿಲ್ಲ, ಅಪಹರಿಸಿ ಕೊಂದರು. 2024ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸಿನಲ್ಲಿ ಓಡುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳಿಗೂ ಅದೇ ಗತಿಯಾಯಿತು. ಇದನ್ನು ಕೇಳಿದ ಹೆಣ್ಣು ನಡುಪಟ್ಟಿಗೆ ಕೈ ಹಾಕಿದರೆ ಅವಳನ್ನು ಹಳಿಯಲು ನಾವು ಯಾರು? ಆದರೆ ಅವಳ ಭಯವನ್ನು ಪಿಸ್ತೂಲಿನ ಮೇಲೆ ಹಾಕಿ ಕೈ ತೊಳೆದುಕೊಂಡ ವ್ಯವಸ್ಥೆಯನ್ನು ಕೇಳಲೇಬೇಕು.

ಏಕೆಂದರೆ ಪಿಸ್ತೂಲು ಒಬ್ಬರ ಸೊಂಟದಲ್ಲಿ ನಿಲ್ಲುವುದಿಲ್ಲ. 2020ರ ಫೆಬ್ರವರಿ 23ರಂದು ಅದೇ ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಊರಿನ ಬಳಿ ಅಹ್ಮದ್ ಆರ್ಬರಿ ಎಂಬ 25 ವರ್ಷದ ಕಪ್ಪು ಜನಾಂಗದ ತರುಣ ಬರಿಗೈಯಲ್ಲಿ ಓಡುತ್ತಿದ್ದ. ಇವನು ಕಳ್ಳನಿರಬೇಕೆಂದು ಬಿಳಿಯ ತಂದೆ ಮಗ ಇಬ್ಬರು ರಿವಾಲ್ವರು, ಕೋವಿ ಹಿಡಿದು ವಾಹನದಲ್ಲಿ ಬೆನ್ನಟ್ಟಿದರು; ನೆರೆಯವನೊಬ್ಬ ಸೇರಿಕೊಂಡ. ಹಗಲು ಹೊತ್ತಿನಲ್ಲಿ, ನಡುಬೀದಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಎರಡು ತಿಂಗಳಿಗೂ ಹೆಚ್ಚು ಕಾಲ ಯಾರ ಬಂಧನವೂ ಆಗಲಿಲ್ಲ. ಕೊಲೆಯ ಚಿತ್ರ ಲೋಕಕ್ಕೆಲ್ಲ ಕಂಡ ಮೇಲೆ ಪೊಲೀಸರು ಎದ್ದರು. ಕಳ್ಳನನ್ನು ಯಾವ ನಾಗರಿಕನಾದರೂ ಹಿಡಿಯಬಹುದೆಂಬ, ಗುಲಾಮಗಿರಿ ಇನ್ನೂ ಇದ್ದ 1863ರ ಕಾನೂನನ್ನು ಆರೋಪಿಗಳು ಅಡ್ಡ ಹಿಡಿದರು. 2021ರ ನವೆಂಬರಿನಲ್ಲಿ ಮೂವರೂ ಅಪರಾಧಿಗಳೆಂದು ತೀರ್ಪಾಯಿತು. ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಹಳೆಯ ಕಾನೂನನ್ನು ರಾಜ್ಯ 2021ರಲ್ಲೇ ರದ್ದು ಮಾಡಿತು. ಮರುವರ್ಷ, 2022ರಲ್ಲಿ, ಅದೇ ರಾಜ್ಯ ಲೈಸೆನ್ಸಿಲ್ಲದೆ ಪಿಸ್ತೂಲು ಬಚ್ಚಿಟ್ಟು ತಿರುಗಲು ಅನುಮತಿ ಕೊಟ್ಟಿತು!

ಅಂದು ಆರ್ಬರಿಯ ಸೊಂಟದಲ್ಲೂ ಪಿಸ್ತೂಲಿದ್ದಿದ್ದರೆ ಬದುಕುತ್ತಿದ್ದನೆ? ಕಳ್ಳನೆಂಬ ಅನುಮಾನಕ್ಕೆ ಅದೇ ಸಾಕ್ಷಿಯಾಗುತ್ತಿತ್ತು. ಒಬ್ಬನ ಆತ್ಮರಕ್ಷಣೆ ಮತ್ತೊಬ್ಬನ ಕಣ್ಣಿಗೆ ಅಪಾಯ. ಎಲ್ಲರೂ ಬಚ್ಚಿಟ್ಟುಕೊಂಡ ಬೀದಿಯಲ್ಲಿ ಎಲ್ಲರ ಮೇಲೂ ಅನುಮಾನ. 2021ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,000ಕ್ಕೂ ಮೀರಿ. ಅವರಲ್ಲಿ 26,000ಕ್ಕೂ ಹೆಚ್ಚು ಜನ ತಮ್ಮನ್ನು ತಾವೇ ಕೊಂದುಕೊಂಡವರು. ದಾರಿಯ ಕಳ್ಳನಿಗೆಂದು ತಂದ ಆಯುಧ ಮನೆಯಲ್ಲೇ ಇರುತ್ತದೆ. ಸಾಲ, ನಿರುದ್ಯೋಗ, ಒಂಟಿತನ ಮನುಷ್ಯನನ್ನು ಮುರಿದ ರಾತ್ರಿ ಕೈಗೆ ಸಿಗುವುದು ಅದೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಬ್ರಿಟಿಷರ 1878ರ ಆಯುಧ ಕಾನೂನನ್ನು ನಮ್ಮ ಹಿರಿಯರೇ ಖಂಡಿಸಲಿಲ್ಲವೆ, ಈಗ ಆಯುಧ ಬೇಡವೆನ್ನುವುದೇಕೆ ಎಂದು. ಖಂಡಿಸಿದ್ದು ನಿಜ. ಬಿಳಿಯರಿಗೆ ವಿನಾಯಿತಿ, ಭಾರತೀಯರಿಗೆ ಲೈಸೆನ್ಸು ಎಂಬ ಆ ಭೇದ ಒಂದು ಜನಾಂಗಕ್ಕೆ ಮಾಡಿದ ಅವಮಾನ. ನೆರೆಯವನಿಗೆ ಹೆದರಿ ನೆರೆಯವನು ಪಿಸ್ತೂಲು ಬಚ್ಚಿಡುವುದು ಬೇರೆಯ ಮಾತು. ನಮ್ಮ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಬಹುಕಾಲದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಎಲ್ಲರೆದುರು ಇಟ್ಟು ಪೂಜಿಸುವುದಕ್ಕೂ, ನಡುಪಟ್ಟಿಯೊಳಗೆ ಅಡಗಿಸಿ ಎದುರು ಬರುವವನ ಮುಖವನ್ನು ಅನುಮಾನದಿಂದ ನೋಡುವುದಕ್ಕೂ ಇರುವ ಅಂತರ ಯಾರಿಗಾದರೂ ತಿಳಿಯುತ್ತದೆ.

ದಾರಿಯ ಭಯ ಒಬ್ಬೊಬ್ಬರ ಸೊಂಟದಲ್ಲಿ ತೀರುವಂಥದಲ್ಲ. ದೀಪವಿಲ್ಲದ ರಸ್ತೆಗೆ ದೀಪ, ರಾತ್ರಿ ಪಾಳಿಯವರಿಗೆ ಹೊತ್ತಿಗೆ ಸರಿಯಾಗಿ ಬಸ್ಸು, ದೂರು ಕೊಟ್ಟರೆ ಬಡವನ ಮಾತನ್ನೂ ಬರೆದುಕೊಳ್ಳುವ ಪೊಲೀಸು ಠಾಣೆ, ಒಟ್ಟಿಗೆ ನಡೆಯುವ ನಾಲ್ಕು ಜನ: ಇವು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ, ಕೂಡಿ ಕೇಳಿ ಪಡೆಯಬೇಕಾದವು. ಇವುಗಳನ್ನು ಕೇಳುವುದನ್ನು ಬಿಟ್ಟ ದಿನ ನಮ್ಮ ಮುಂದೆಯೂ ನಡುಪಟ್ಟಿ ಮಾರುವವನು ಬಂದು ನಿಲ್ಲುತ್ತಾನೆ. ನಿಮ್ಮ ಬೀದಿಯಲ್ಲಿ ಕೆಟ್ಟಿರುವ ದೀಪಗಳು ಎಷ್ಟು ಎಂದು ಈ ವಾರವೇ ಎಣಿಸಿ, ಹತ್ತು ಜನರ ರುಜು ಹಾಕಿಸಿ ಪುರಸಭೆಯ ಕಚೇರಿಗೆ ಕೊಟ್ಟು ಬನ್ನಿ.