ಮಕ್ಕಳ ಕೋಡಿಂಗ್‌ಗೆ ಚೌಕಾಬಾರವೇ ಪಾಠವಾಗಲಿ

ಹಿಂಜವಡಿಯ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಬೆಳೆದಂತೆ ಪಕ್ಕದ ವಾಕಡವೂ ಬೆಳೆಯಿತು. ನೌಕರಿಗಾಗಿ ಬಂದು ಇಲ್ಲಿ ನೆಲೆಸಿದವರಲ್ಲಿ ಕನ್ನಡಿಗರೂ ಸಾಕಷ್ಟಿದ್ದಾರೆ. ಇವರ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಆದರೆ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಓದು ಎಂದರೆ ಅಪ್ಪ-ಅಮ್ಮನ ಮುಖ ನೋಡುತ್ತಾರೆ. ಇದೇ ಮಕ್ಕಳು ಕೋಡಿಂಗ್ ಪ್ರಾಜೆಕ್ಟ್ ಎಂದು ಬ್ರೌಸರ್‌ನಲ್ಲಿ ಆಡುವ ಹಾವಿನ ಆಟ, ಚೆಂಡಿನ ಆಟ ರಚಿಸುತ್ತಾರೆ. ಅದರ ಬದಲು ಚೌಕಾಬಾರ ಏಕಾಗಬಾರದು?

ಆಟಗಳನ್ನು ರೂಪಿಸುವುದು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಸ್ವತಃ ಹಲವು ಮಣೆಯಾಟಗಳನ್ನು ರಚಿಸಿದವರು. ಚೌಕಾಬಾರವಂತೂ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಒಟ್ಟು 25 ಮನೆ: ಹೊರಸುತ್ತಿಗೆ 16, ಒಳಸುತ್ತಿಗೆ 8, ನಡುವೆ ಕಾಯಿ ಹಣ್ಣಾಗುವ ಮನೆ 1. ಮನೆಗಳಿಗೆ ಎಚ್‌ಟಿಎಂಎಲ್, ಬಣ್ಣಕ್ಕೆ ಸಿಎಸ್‌ಎಸ್, ನಿಯಮಗಳಿಗೆ ಜಾವಾಸ್ಕ್ರಿಪ್ಟ್ ಇಷ್ಟಿದ್ದರೆ ಸಾಕು. ಬೇರೆ ಖರ್ಚಿಲ್ಲ.

ನಿಜವಾದ ಪಾಠ ಕವಡೆಯಲ್ಲಿದೆ. ಕಂಪ್ಯೂಟರ್‌ಗೆ 1ರಿಂದ 8ರೊಳಗಿನ ಒಂದು ಅಂಕಿ ಕೊಡು ಎಂದು ಬರೆದರೆ 5, 6, 7 ಕೂಡ ಬೀಳುತ್ತವೆ. ಕವಡೆಯಲ್ಲಿ ಅವು ಇಲ್ಲವೇ ಇಲ್ಲ. 1, 2, 3, 4, 8 ಮಾತ್ರ ಸಮನಾಗಿ ಬೀಳಲಿ ಎಂದರೂ ತಪ್ಪೇ. ನಾಲ್ಕು ಕವಡೆ ಬೀಳುವ ಬಗೆ 16. ಎರಡೂ ಮಗ್ಗುಲಿಗೆ ಸಮಾನ ಅವಕಾಶ ಎಂದುಕೊಂಡರೆ, ಅವುಗಳಲ್ಲಿ ನಾಲ್ಕೂ ಬೋರಲಾಗಿ ಎಂಟು ಬೀಳುವುದು ಒಂದೇ ಬಗೆಯಲ್ಲಿ, ಎರಡು ಬೀಳುವುದು ಆರು ಬಗೆಯಲ್ಲಿ. ಆದ್ದರಿಂದ ಒಂದೊಂದು ಕವಡೆಯನ್ನೂ ಬೇರೆಬೇರೆಯಾಗಿಯೇ ಹಾಕಿಸಬೇಕು. ಈ ತಪ್ಪನ್ನು ಊರಿನಿಂದ ಬಂದ ಅಜ್ಜಿ ಕೋಡ್ ನೋಡದೆಯೇ ಹಿಡಿಯಬಲ್ಲರು. 'ಎಂಟು ಇಷ್ಟು ಸಲೀಸಾಗಿ ಬೀಳುತ್ತದೆಯೇ?' ಎಂಬ ಒಂದು ಪ್ರಶ್ನೆ ಸಾಕು.

ನಿಯಮಗಳೂ ಊರಿಂದೂರಿಗೆ ಬೇರೆ. ಎದುರಾಳಿಯ ಕಾಯಿ ಕಡಿಯದೆ ಒಳಸುತ್ತಿಗೆ ಹೋಗಬಹುದೇ? ಜೋಡಿ ಕಾಯಿ ಕಟ್ಟಬಹುದೇ? ಇದನ್ನು ತಿಳಿಯಲು ಮಗು ಹಿರಿಯರ ಬಳಿ ಕೂರಲೇಬೇಕು. ಪರದೆಯ ಮೇಲೆ 'ಕವಡೆ ಹಾಕು', 'ನಿನ್ನ ಸರದಿ', 'ಕಾಯಿ ಹಣ್ಣಾಯಿತು' ಎಂದು ತಾನೇ ಟೈಪ್ ಮಾಡುವಾಗ ಒತ್ತಕ್ಷರವೂ ಕೈಗೆ ಬರುತ್ತದೆ. ಒಂದು ಕಂಪ್ಯೂಟರ್‌ನ ಕನ್ನಡ ಇನ್ನೊಂದರಲ್ಲಿ ಚೆಲ್ಲಾಪಿಲ್ಲಿಯಾಗುತ್ತಿದ್ದ ಹಳೆಯ ಫಾಂಟ್‌ಗಳ ತಾಪತ್ರಯವೂ ಯೂನಿಕೋಡ್ ಬಂದ ಮೇಲೆ ಬಹುಮಟ್ಟಿಗೆ ತಪ್ಪಿದೆ.

ಮಕ್ಕಳು ಪರದೆಯ ಮುಂದೆ ಕೂರುವುದೇ ಹೆಚ್ಚಾಗಿದೆ, ಮತ್ತೆ ಇದೇಕೆ ಎಂಬ ಪಾಲಕರ ಆಕ್ಷೇಪ ನ್ಯಾಯವಾದದ್ದೇ. ಆದರೆ ಆಟ ಆಡುವುದು ಬೇರೆ, ಕಟ್ಟುವುದು ಬೇರೆ. ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಹತ್ತು ಸಲ ಆಡಿದ ಬಳಿಕವೇ ಕಂಪ್ಯೂಟರ್ ತೆರೆಯಲಿ.

ಕನ್ನಡ ಸಂಘಗಳು ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಮಕ್ಕಳಿಗೆ ನೃತ್ಯಕ್ಕೆ ವೇದಿಕೆ ಕೊಡುತ್ತವೆ. ಅದು ಅಭಿನಂದನೀಯ. ಆದರೆ ಹಾಡಿಗೆ ಹೆಜ್ಜೆ ಹಾಕಿದ ಮಾತ್ರಕ್ಕೆ ಅಕ್ಷರ ಬರುವುದಿಲ್ಲ. ಪದಾಧಿಕಾರಿಗಳು ನಾಲ್ಕು ಭಾನುವಾರ ಇದಕ್ಕಾಗಿ ತೆಗೆದಿಡಲಿ. ಐಟಿಯಲ್ಲಿ ದುಡಿಯುವ ಸದಸ್ಯರು ಕೋಡ್ ಹೇಳಿಕೊಡಲಿ, ಹಿರಿಯರು ಆಟ ಹೇಳಿಕೊಡಲಿ. ಬರುವ ರಾಜ್ಯೋತ್ಸವದಲ್ಲಿ ಮಕ್ಕಳು ಕಟ್ಟಿದ ಚೌಕಾಬಾರವನ್ನು ಅಜ್ಜ-ಅಜ್ಜಿಯರೇ ಮೊದಲು ಆಡಿ ಉದ್ಘಾಟಿಸಲಿ.