ಪ್ರಶ್ನೆ ಮಗುವಿನದಾದರೆ ಬರಹವೂ ಮಗುವಿನದು

ಬಿಣಗಾ ಪರಿಸರದ ನಮ್ಮ ಬಹುತೇಕ ಮನೆಗಳಲ್ಲಿ ಮಗು ಮೊದಲು ಆಡುವ ಮಾತು ಕೊಂಕಣಿ. ಅಂಗಡಿ, ಬಸ್ಸು, ಕಚೇರಿಗಳ ವ್ಯವಹಾರ ಕನ್ನಡದಲ್ಲಿ. ಇಂಗ್ಲಿಷ್ ಅದಕ್ಕೆ ಮೂರನೆಯ ಭಾಷೆ. ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲೂ 2007ರಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಕೆ ಆರಂಭವಾಯಿತು. ಉದ್ಯೋಗಕ್ಕಾಗಿ ಪರ ಊರು, ಪರದೇಶಗಳನ್ನು ಅವಲಂಬಿಸಿದ ಕುಟುಂಬಗಳಿಗೆ ಆ ಭಾಷೆಯ ಮೇಲಿರುವ ಹಂಬಲ ಸಹಜವಾದುದೇ. ಆದರೆ ಆ ಹಂಬಲಕ್ಕೆ ತಕ್ಕ ಫಲ ದೊರೆಯುತ್ತಿದೆಯೇ ಎಂಬುದು ಪಾಲಕರೂ ಶಿಕ್ಷಕರೂ ಕೂಡಿ ಯೋಚಿಸಬೇಕಾದ ವಿಷಯ.

'ನನ್ನ ಊರು' ಎಂಬ ಪ್ರಬಂಧವನ್ನು ಗೈಡಿನಿಂದ ಬಾಯಿಪಾಠ ಮಾಡಿ, ತಪ್ಪಿಲ್ಲದೆ ಬರೆದು ಅಂಕ ಗಳಿಸುವ ಮಕ್ಕಳಿದ್ದಾರೆ. ಆದರೆ ಆ ಪ್ರಬಂಧದ ಊರಿನಲ್ಲಿ ಕಡಲಿಲ್ಲ, ದೋಣಿಯಿಲ್ಲ, ಬಿಣಗಾ ಇಲ್ಲ. ಅದೇ ಮಗುವಿಗೆ ರಜಾ ಅರ್ಜಿಯ ಕಾರಣವನ್ನು ಸ್ವಂತ ಮಾತಿನಲ್ಲಿ ಎರಡು ಸಾಲು ಬರೆಯಲು ಹೇಳಿದರೆ ಪೆನ್ನು ನಿಂತುಬಿಡುತ್ತದೆ. ಬರೆಯಲು ಭಾಷೆ ಸಾಲದು ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ, ಹೇಳಬೇಕಾದ ಮಾತೊಂದು ತನ್ನಲ್ಲಿದೆ ಎಂಬ ಅರಿವನ್ನೇ ಆ ಮಗುವಿಗೆ ಯಾರೂ ಕೊಟ್ಟಿಲ್ಲ.

ಇದಕ್ಕೆ ಪರಿಹಾರವಾಗಿ ಶಿಕ್ಷಣತಜ್ಞರು ಸೂಚಿಸುವ ಮಾರ್ಗ ವಿಚಾರಣಾಧಾರಿತ ಕಲಿಕೆ. ಅಂದರೆ ಪ್ರಶ್ನೆಯಿಂದ ಹೊರಟು, ಹುಡುಕಿ, ಕಂಡುದನ್ನು ಬರೆಯುವ ಕ್ರಮ. ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 'ಆ 61 ದಿನ ಬೋಟುಗಳು ಏಕೆ ದಡದಲ್ಲಿರುತ್ತವೆ? ಆಗ ಮನೆಖರ್ಚು ಹೇಗೆ ಸಾಗುತ್ತದೆ?' ಎಂದು ಮಕ್ಕಳೇ ಕೇಳಲಿ. ಮೀನು ಮಾರುವ ತಾಯಂದಿರನ್ನೂ ದೋಣಿಯವರನ್ನೂ ಕೊಂಕಣಿಯಲ್ಲೇ ವಿಚಾರಿಸಿ, ಉತ್ತರಗಳನ್ನು ಕನ್ನಡ ಲಿಪಿಯಲ್ಲಿ ಗುರುತು ಹಾಕಿಕೊಂಡು ಬರಲಿ. ತರಗತಿಯಲ್ಲಿ ಉತ್ತರಗಳನ್ನು ಹೋಲಿಸಿ ಚರ್ಚಿಸಲಿ. ಮೀನಿನ ಸಂತಾನವೃದ್ಧಿಯ ಕಾಲವದು ಎಂದು ಒಬ್ಬರು, ಮಳೆಗಾಲದ ಕಡಲು ಅಪಾಯಕರವೆಂದು ಇನ್ನೊಬ್ಬರು ಹೇಳಿರಬಹುದು. ಬಲೆ, ದಡ, ಮರಿ, ನಿಷೇಧ ಇವುಗಳ ಇಂಗ್ಲಿಷ್ ಪದಗಳನ್ನು ಮಗು ಆಗ ತಾನಾಗಿಯೇ ಕೇಳುತ್ತದೆ. ಬೇಕೆಂದು ಕೇಳಿ ಪಡೆದ ಪದ ಮರೆಯುವುದಿಲ್ಲ. ಮೊದಲ ಬರಹದಲ್ಲಿ ತಪ್ಪುಗಳು ಇದ್ದೇ ಇರುತ್ತವೆ. ಪುಟವನ್ನೆಲ್ಲ ಕೆಂಪು ಮಾಡದೆ, ಒಮ್ಮೆಗೆ ಒಂದೆರಡು ದೋಷಗಳನ್ನು ತೋರಿಸಿ ಮತ್ತೆ ಬರೆಯಿಸುವುದು ಶಿಕ್ಷಕರ ಕೆಲಸ.

ಇದು ಹೊರಗಿನಿಂದ ತಂದ ಹೊಸ ಶೋಕಿಯಲ್ಲ. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಮೊಳೆತ 'ನಲಿ-ಕಲಿ', ಮಗು ಕೇವಲ ಕೇಳುಗನಾಗಿರದೆ ಮಾಡಿ ಕಲಿಯಬೇಕೆಂಬ ತತ್ತ್ವವನ್ನು ನಮ್ಮ ಸರಕಾರಿ ಶಾಲೆಗಳಿಗೇ ತಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಾಯಿಪಾಠವನ್ನು ಬಿಟ್ಟು, ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸುವಂತೆ ಹೇಳಿತು. ಮಕ್ಕಳ ಬಹುಭಾಷಿಕತೆಯನ್ನು ಸಂಪನ್ಮೂಲವೆಂದು ಪರಿಗಣಿಸಿತು.

ಪರೀಕ್ಷೆಯ ಗತಿಯೇನು, ತುಂಬಿದ ತರಗತಿಯಲ್ಲಿ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದುದೇ. ವ್ಯಾಕರಣವನ್ನೂ ಪಠ್ಯವನ್ನೂ ಕೈಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ತಿಂಗಳಿಗೊಂದು ಪ್ರಶ್ನೆ, ನಾಲ್ಕೈದು ಮಕ್ಕಳ ಗುಂಪುಗಳು, ಒಂದು ಪುಟ ಬರಹ. ಆರಂಭಕ್ಕೆ ಇಷ್ಟು ಸಾಕು. ಸ್ವಂತ ವಾಕ್ಯ ರಚಿಸಬಲ್ಲ ಮಗು, ಪರಿಚಯವಿಲ್ಲದ ಪ್ರಶ್ನೆ ಬಂದಾಗಲೂ ಕಂಗೆಡುವುದಿಲ್ಲ.

ಪಾಲಕರ ಪಾಲೂ ಇದರಲ್ಲಿದೆ. ಇಂಗ್ಲಿಷ್ ಬಾರದ ತಾವು ಮಗುವಿನ ಓದಿಗೆ ನೆರವಾಗಲಾರೆವೆಂದು ಅನೇಕ ತಾಯಂದಿರು ಕೊರಗುತ್ತಾರೆ. ಆ ಕೊರಗು ಸಲ್ಲದು. 2005ರಲ್ಲಿ ಕಾರ್ಯಾರಂಭಗೊಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಹಲವು ಗ್ರಾಮಗಳ ಜನ ಮನೆ, ಗದ್ದೆಗಳನ್ನು ಬಿಟ್ಟು ಬಂದರು. ಆ ಮನೆಯ ಅಂಗಳ ಹೇಗಿತ್ತು, ಬಾವಿ ಎಲ್ಲಿತ್ತು ಎಂದು ಮಗು ಕೇಳಿದರೆ ಉತ್ತರಿಸಬಲ್ಲವರು ಅಜ್ಜಿಯರೇ ಹೊರತು ಗೈಡುಗಳಲ್ಲ. ಅವರೂ ಹೋದ ಬಳಿಕ ಆ ಉತ್ತರ ಯಾವ ಭಾಷೆಯಲ್ಲೂ ಸಿಗದು.

ಆದುದರಿಂದ ಮಗು ಪ್ರಶ್ನೆ ಹೊತ್ತು ಮನೆಗೆ ಬಂದಾಗ 'ಸುಮ್ಮನೆ ಓದು' ಎಂದು ಗದರದೆ, ಕುಳ್ಳಿರಿಸಿಕೊಂಡು ನಮ್ಮ ಮಾತಿನಲ್ಲೇ ಉತ್ತರಿಸೋಣ. ಅದನ್ನು ಇಂಗ್ಲಿಷಿಗೆ ತರುವ ಹೊಣೆಯನ್ನು ಶಾಲೆ ಹೊರಲಿ.