ಸಮಾಜಶಾಸ್ತ್ರದ ಪದವೀಧರರೂ ಕಾಗದವಿಲ್ಲದ ಅರ್ಜಿಗಳೂ

ಸಮಾಜಶಾಸ್ತ್ರ ಓದಿ ಹೊಟ್ಟೆಗೇನು ಮಾಡುತ್ತೀಯೆ ಎಂಬ ಪ್ರಶ್ನೆಯನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಬಿ.ಎ. ತರಗತಿಗೆ ಸೇರಹೊರಟ ಮಕ್ಕಳು ಕೇಳಿಯೇ ಇರುತ್ತಾರೆ. ಅವರಿಗೆ ತೋರುವ ದಾರಿಗಳಾದರೋ ಬಿ.ಎಡ್., ಇಲ್ಲವೇ ವರ್ಷವರ್ಷವೂ ತೂಗುಯ್ಯಾಲೆಯಾದ ಅತಿಥಿ ಉಪನ್ಯಾಸಕ ವೃತ್ತಿ, ಅದೂ ಇಲ್ಲದಿದ್ದರೆ ಬೆಂಗಳೂರಿನ ರಾತ್ರಿ ಬಸ್ಸು. ಆ ಪ್ರಶ್ನೆಯ ಉತ್ತರವು ಇದೇ ಮೂರು ತಾಲ್ಲೂಕುಗಳ ಅರಣ್ಯಹಕ್ಕಿನ ಕಡತಗಳಲ್ಲಿ ಅಡಗಿದೆಯೆಂದೂ, ಅದನ್ನು ಕಾಣದಿರುವುದು ಸರ್ಕಾರದ ಅಕ್ಷಮ್ಯ ಲೋಪವೆಂದೂ ನಾನು ದೃಢವಾಗಿ ನಂಬಿದ್ದೇನೆ.

ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಯು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿಯೇ ನೆಲಸಿದ್ದನೆಂದು ಸಾಬೀತುಪಡಿಸಬೇಕೆಂಬುದು 2006ರ ಅರಣ್ಯಹಕ್ಕು ಕಾಯ್ದೆಯ ವಿಧಿ. 1930ರ ಕಾಗದವು ಕೂಲಿಯವನ ಮನೆಯಲ್ಲಿ ಎಲ್ಲಿಂದ ಬಂದೀತು? ಶಾಸನವೂ ಕಾಗದವೊಂದನ್ನೇ ಕೇಳಿಲ್ಲ: ವಂಶಾವಳಿ, ಬಾವಿ, ಸ್ಮಶಾನ, ದೇವರ ಬನ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆ ಇವೆಲ್ಲವೂ ಸಾಕ್ಷ್ಯವೆಂದು ನಿಯಮಗಳಲ್ಲಿ ಇದೆ, ಇಂಥದೇ ದಾಖಲೆ ಬೇಕೆಂದು ಅರ್ಜಿ ಪರಿಶೀಲಿಸುವ ಸಮಿತಿಗಳು ಪಟ್ಟುಹಿಡಿಯಕೂಡದೆಂದು 2012ರ ತಿದ್ದುಪಡಿಯೂ ವಿಧಿಸಿದೆ. ಆದರೂ ಕರ್ನಾಟಕದಲ್ಲಿ ಮಂಜೂರಾದ ಅರ್ಜಿಗಳಿಗಿಂತ ತಿರಸ್ಕೃತವಾದವೇ ಎಷ್ಟೋ ಪಾಲು ಹೆಚ್ಚು.

ಕೊಪ್ಪದ ಸಮೀಪದ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಅಂಥ ತಿರಸ್ಕಾರದ ನೋಟೀಸನ್ನು ಮಡಿಕೆ ಬಿಡಿಸಿ ನನ್ನ ಕೈಗಿತ್ತರು. ಅದರಲ್ಲಿದ್ದ ಕಾರಣ, ದಾಖಲೆಯಿಲ್ಲ ಎಂಬುದಷ್ಟೆ. ಬಳಿಕ ಹಿತ್ತಲಿನ ಚೌಡಿಬನಕ್ಕೆ ಕರೆದೊಯ್ದು, ಹಾವಸೆಗಟ್ಟಿದ ಕಲ್ಲಿನ ಮೇಲಿನ ಎಣ್ಣೆಯ ಜಿಡ್ಡನ್ನು ಬೆರಳಿಂದ ಉಜ್ಜಿ, "ನಮ್ಮತ್ತೆಯ ಅತ್ತೆ ದೀಪ ಇಡ್ತಿದ್ದಿದ್ದು ಇಲ್ಲೇ ಕಣಪ್ಪ" ಎಂದರು. ಆ ಮಾತನ್ನು ಅದುವರೆಗೆ ಯಾರೂ ಬರೆದುಕೊಂಡಿರಲಿಲ್ಲ.

ಬರೆದುಕೊಳ್ಳುವುದೂ ಒಂದು ವಿದ್ಯೆ. ಯಾರನ್ನು ಕೇಳಬೇಕು, ಒಬ್ಬರ ನೆನಪನ್ನು ಇನ್ನೊಬ್ಬರದರೊಡನೆ ಹೇಗೆ ತಾಳೆನೋಡಬೇಕು, ಬಳಗವನ್ನು ವಂಶವೃಕ್ಷವಾಗಿ ಹೇಗೆ ಬಿಡಿಸಬೇಕು ಎಂಬುದನ್ನೇ ಅಲ್ಲವೆ ಕ್ಷೇತ್ರಕಾರ್ಯವೆಂದು ಕಲಿಸುವುದು? ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ರಾಂಪುರದಲ್ಲಿ ಕುಳಿತು ಮಾಡಿದ್ದೂ ಇದನ್ನೇ. ಸರ್ವೇಯರ್ ನೆಲವನ್ನು ಅಳೆಯಬಲ್ಲನು. ತಲೆಮಾರುಗಳನ್ನು ಅಳೆಯುವುದು ಅವನ ವೃತ್ತಿಯಲ್ಲ.

ಈ ಕೆಲಸಕ್ಕೆ ಸಮಾಜಶಾಸ್ತ್ರದ ಪದವೀಧರರನ್ನು ನೇಮಿಸಿದರೆ ಬೊಕ್ಕಸಕ್ಕೆ ಹೊರೆಯೆಂದು ಆಕ್ಷೇಪಿಸುವವರುಂಟು. ಆದರೆ 2015ರಲ್ಲಿಯೂ 2025ರಲ್ಲಿಯೂ ಸಾಮಾಜಿಕ ಸಮೀಕ್ಷೆಗೆ ಶಾಲೆಯ ಮೇಷ್ಟರುಗಳನ್ನೇ ಮನೆಮನೆಗೆ ಅಟ್ಟಿದ ಸರ್ಕಾರವು, ಸಮಾಜವನ್ನು ಅರಿಯುವ ಕೆಲಸವೇ ಇಲ್ಲವೆಂದು ಹೇಳಲಾರದು. ತಾಲ್ಲೂಕಿಗೆ ಇಬ್ಬರಂತೆ, ಸಮಾಜಶಾಸ್ತ್ರದ ಪದವಿಯನ್ನೇ ಅರ್ಹತೆಯಾಗಿಸಿ, ಗ್ರಾಮಸಭೆಯ ಅರಣ್ಯಹಕ್ಕು ಸಮಿತಿಗಳ ನೆರವಿಗೆ ಕಾಯಂ ಹುದ್ದೆಗಳನ್ನು ಸೃಜಿಸತಕ್ಕದ್ದು. ಅವರ ಮೊದಲ ಕೆಲಸವು, ತಿರಸ್ಕೃತವಾದ ಪ್ರತಿಯೊಂದು ಅರ್ಜಿಯ ಮನೆಗೂ ಹೋಗಿ ಅಲ್ಲಿಯ ಹಿರಿಯರೆದುರು ಕುಳಿತುಕೊಳ್ಳುವುದಾಗಿರಲಿ.